ಗೋಕಾಕದ ಮರದ ರಿಮೋಟು

ಕಲ್ಲೋಳಿಯ ನಮ್ಮ ಮನೆಯ ಟೀವಿ ಕಪಾಟಿನಲ್ಲಿ, ಗಾಜಿನ ಹಿಂದೆ, ಮಾವಿನ ಹಣ್ಣಿನ ಬಣ್ಣದ ಒಂದು ಮರದ ತುಂಡು ಇದೆ. ಅಂಗೈಗಿಂತ ಸ್ವಲ್ಪ ಉದ್ದ, ಎರಡೂ ತುದಿ ದುಂಡು, ಎಡಗಡೆ ಕೂಡಿಸುವ ಲೆಕ್ಕದ ಗುರುತಿನಂಥ ಒಂದು ಗುಂಡಿ, ಬಲಗಡೆ ಕುಂಕುಮದ ಬಣ್ಣದ ಎರಡು ಗುಂಡಿ. ಮನೆಗೆ ಬಂದ ಬೀಗರು ಅದನ್ನು ಕಂಡು, "ಗೋಕಾಕದ್ದಲ್ಲಾ ಇದು?" ಎನ್ನುತ್ತಾರೆ. ಹೌದೆನ್ನುತ್ತೇನೆ. "ಯಾವ ಹಣ್ಣು?" ಎನ್ನುತ್ತಾರೆ. ಗೋಕಾಕದವರು ಮರದಲ್ಲಿ ಮಾಡುವ ಬಾಳೆಹಣ್ಣು, ಸೀತಾಫಲ, ಬದನೆಕಾಯಿಗಳನ್ನು ನೋಡಿದವರಿಗೆ ಇದೂ ಯಾವುದೋ ಕಾಣದ ಊರಿನ ಹಣ್ಣು ಅನ್ನಿಸುವುದು ಸಹಜ. ಅದು ವಿಡಿಯೋ ಗೇಮಿನ ರಿಮೋಟು ಎಂದರೆ ನಗುತ್ತಾರೆ. ನಗಲಿ. ಆ ತುಂಡಿಗೆ ನಾನು ಎಷ್ಟು ಋಣಿ ಎಂಬುದನ್ನು ಚಹಾದ ಕಪ್ಪು ಕೈಯಲ್ಲಿ ಹಿಡಿದು ನಿಂತವರಿಗೆ ಹೇಳಿ ಮುಗಿಸಲು ಆಗುವುದಿಲ್ಲ.

ನನ್ನ ತವರು ಹುಕ್ಕೇರಿ. ಅಲ್ಲಿ ಅಣ್ಣನೂ ನಾನೂ ಸಾಲೆಯ ಸೂಟಿಯ ದಿನಗಳನ್ನೆಲ್ಲ ಟೀವಿಯ ಮುಂದೆ ಕಳೆದವರು. ಒಂದು ಬಿಳಿ ಡಬ್ಬಿ, ಅದರ ನೆತ್ತಿಯ ಸೀಳಿನಲ್ಲಿ ಸಿಕ್ಕಿಸುವ ಕ್ಯಾಸೆಟ್ಟು, ಎರಡು ವೈರುಗಳ ತುದಿಗೆ ಎರಡು ಬಿಳಿ ರಿಮೋಟು. ಓದು ಮುಗಿದು ಇಬ್ಬರೂ ದೊಡ್ಡವರಾದ ಮೇಲೂ ಆ ಚಟ ಬಿಡಲಿಲ್ಲ. ನನ್ನ ಮದುವೆ ಕಲ್ಲೋಳಿಗೆ ಗೊತ್ತಾದಾಗ ಅಣ್ಣ ಆ ಡಬ್ಬಿಯನ್ನು ಒರೆಸಿ, ಯಾರಿಗೂ ಹೇಳದೆ ರುಖವತದಲ್ಲಿ ಇಟ್ಟುಬಿಟ್ಟ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನವರು ರುಖವತ ಹೊಂದಿಸುತ್ತಾರೆ. ಉಂಡಿ, ಕರ್ಚಿಕಾಯಿ, ಕಸೂತಿಯ ಬಟ್ಟೆ, ಮಣಿಯ ಗಿಳಿ, ಗೋಕಾಕದ ಮರದ ಹಣ್ಣಿನ ಬುಟ್ಟಿ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಗಂಡಿನವರಿಗೆ ತೋರಿಸುತ್ತಾರೆ. ಆ ಸಾಲಿನ ಕೊನೆಗೆ, ಮರದ ಹಣ್ಣುಗಳ ಬಾಜೂ, ನಮ್ಮ ವಿಡಿಯೋ ಗೇಮು ಕುಳಿತಿತ್ತು.

ಅತ್ತೆಯಾಗುವವರು ಒಂದೊಂದನ್ನೇ ಮುಟ್ಟಿ ನೋಡುತ್ತ ಬಂದರು. ಡಬ್ಬಿಯ ಮುಂದೆ ಬಗ್ಗಿದರು, ವೈರನ್ನು ಬೆರಳಿನಿಂದ ಸವರಿದರು, ಗಟ್ಟಿಯಾಗಿ ಕೇಳಿದರು: "ಇದೇನ್ರಿ, ಬೀಪಿ ನೋಡೋ ಮಷೀನೇನು?"

ಮಂದಿ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನಾನು. ನನಗೆ ನಗು ಬಂದರೆ ತಡೆಯಲು ಬರುವುದಿಲ್ಲ, ಸಿಟ್ಟು ಬಂದರೂ ಅಷ್ಟೇ. ಅತ್ತೆಯ ಮುಖ ಕೆಂಪಾಯಿತು. ಅವರು ಮುಂದೆ ಏನನ್ನೂ ಮುಟ್ಟಿ ನೋಡಲಿಲ್ಲ.

ಕಲ್ಲೋಳಿಗೆ ಬಂದ ಮೇಲೆ ಐದು ತಿಂಗಳು ಅವರು ನನ್ನ ಜೊತೆ ನೇರವಾಗಿ ಒಂದು ಮಾತನ್ನೂ ಆಡಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ, ಏನಿದ್ದರೂ ನನ್ನ ಬಾಜೂ ಇರುವ ಗೋಡೆಯನ್ನು ನೋಡುತ್ತಿದ್ದರು. ಹೆಣ್ಣು ನೋಡಲು ಹುಕ್ಕೇರಿಗೆ ಬಂದಾಗಲೂ ಹಾಗೇ ಮಾಡಿದ್ದರು. ನನ್ನ ಎರಡೂ ಕೈ ಹಿಡಿದು, ಅಂಗೈಯನ್ನು ಹೆಬ್ಬೆರಳಿನಿಂದ ತಿಕ್ಕಿ, ಮುಖದ ಕಡೆ ಕಣ್ಣೆತ್ತದೆ ಒಪ್ಪಿಗೆ ಎಂದಿದ್ದರು. ಕೆಲಸ ಮಾಡಿದ ಕೈ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುವ ಗತ್ತಿನ ಹೆಂಗಸು ಅಂದುಕೊಂಡಿದ್ದೆ. ಈಗಂತೂ ಆ ಗತ್ತಿಗೆ ಕಾರಣವೂ ಸಿಕ್ಕಿತ್ತು.

ಹೇಳಬೇಕಾದ್ದನ್ನೆಲ್ಲ ಅವರು ಎಮ್ಮೆಗೆ ಹೇಳುತ್ತಿದ್ದರು. ಹಿತ್ತಲಲ್ಲಿ ಅದರ ಬೆನ್ನು ತಿಕ್ಕುತ್ತ, ಅಡಿಗೆ ಮನೆಗೆ ಕೇಳುವ ಹಾಗೆ, "ಯಾರಾರ ನಿನಗ ನೀರು ಕುಡಿಸ್ಯಾರೋ ಇಲ್ಲವಾ?" ಎನ್ನುವರು. ನಾನೇನು ಕಡಿಮೆಯೇ? ಬಾಗಿಲಿಗೆ ಬಂದು ಎಮ್ಮೆಯನ್ನೇ ನೋಡುತ್ತ, "ಮುಂಜಾನೆನ ಎರಡು ಬಕೀಟು ಕುಡಿಸೇನಲ್ಲ ನಿನಗ, ಹೇಳಬಾರದೇನು?" ಎನ್ನುತ್ತಿದ್ದೆ. ಮಾವನವರು ಹೊಲದಿಂದ ಬಂದು ಇದನ್ನು ಕೇಳಿಸಿಕೊಂಡು ಚಪ್ಪಲಿ ಹಾಕಿಕೊಂಡು ಮತ್ತೆ ಹೊಲಕ್ಕೆ ಹೋಗುತ್ತಿದ್ದರು. ನಮ್ಮವರಿಗೆ ಮೂಡಲಗಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಹೊತ್ತು ಮುಳುಗುವವರೆಗೆ ಅವರ ಸುದ್ದಿ ಇಲ್ಲ. ದಿನವಿಡೀ ಮನೆಯಲ್ಲಿ ನಾವಿಬ್ಬರು ಹೆಂಗಸರು, ನಡುವೆ ಒಂದು ಎಮ್ಮೆ. ಹೊರಗೆ ಹೇಳಿದರೆ ನಗೆಯ ಮಾತು, ಆದರೆ ನಾನು ಎಷ್ಟೋ ದಿನ ರೊಟ್ಟಿ ಬಡಿಯುತ್ತ ಹಿಟ್ಟಿನ ಮೇಲೆ ಕಣ್ಣೀರು ಹಾಕಿದ್ದೇನೆ.

ಒಂದು ಮಧ್ಯಾಹ್ನ ಬೇಸರ ತಡೆಯಲಾರದೆ ಆ ಡಬ್ಬಿಯನ್ನು ತೆಗೆದು ಟೀವಿಗೆ ಹಚ್ಚಿದೆ. ಇಬ್ಬರು ಸೇರಿ ಆಡುವ ಆಟ ಅದು. ಪರದೆಯ ಕೆಳಗೆ ಇಟ್ಟಿಗೆಯ ಒಂದು ಮನೆ, ಅದನ್ನು ಒಡೆಯಲು ಮೇಲಿನಿಂದ ಬರುವ ಟ್ಯಾಂಕುಗಳು, ಕಾಯಲು ನಮ್ಮವು ಎರಡು ಟ್ಯಾಂಕು. ನಾನು ಒಬ್ಬಳೇ ಆಡುತ್ತಿದ್ದೆ, ಬಡ ಬಡ ಸಾಯುತ್ತಿದ್ದೆ. ಅತ್ತೆ ಹಿಂದೆ ಕುಳಿತು ಜೋಳ ಹಸನು ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೊರದ ಸದ್ದು ನಿಂತಿತು.

"ಟುಂಯ್ ಅಂತ ಸಪ್ಪಳ ಆದ ಕೂಡ್ಲೆ ಸಾಯ್ತಿ ನೋಡು ನೀ. ಆ ಸಪ್ಪಳ ಮುಗಿಯೋದರಾಗ ತಿರುಗು."

ಹಿತ್ತಲಲ್ಲಿ ಎಮ್ಮೆ ಇತ್ತು, ಆದರೆ ಮಾತು ನನಗೇ ಹೇಳಿದ್ದು. ನಾನು ತಿರುಗಿ ನೋಡಲಿಲ್ಲ, ಆ ಮಾತು ಎಲ್ಲಿ ಹೆದರಿ ಓಡಿಹೋಗುತ್ತದೋ ಎಂದು. ಹೇಳಿದ ಹಾಗೆ ತಿರುಗಿದೆ, ಬದುಕಿದೆ. ಎರಡನೆಯ ರಿಮೋಟನ್ನು ಹಿಂದಕ್ಕೆ ಚಾಚಿದೆ. ಅವರು ತೆಗೆದುಕೊಂಡರು.

ಅಂದಿನಿಂದ ಊಟ ಮುಗಿದು, ಮುಸುರೆ ತೊಳೆದು, ಎಮ್ಮೆ ಹಿಂಡುವ ಹೊತ್ತಾಗುವವರೆಗಿನ ಒಂದು ತಾಸು ನಮ್ಮಿಬ್ಬರದಾಯಿತು. ಕರೆಂಟು ಹೋದರೆ ಇಬ್ಬರೂ ಕೂಡಿ ಬಯ್ಯುತ್ತಿದ್ದೆವು. ಅತ್ತೆ ಟೀವಿಗೆ ಮೂಗು ಹತ್ತುವಷ್ಟು ಸಮೀಪ ಕುಳಿತು, "ಮನಿ ನಾ ಕಾಯ್ತೇನಿ, ನೀ ಮ್ಯಾಲ ಹೋಗು" ಎನ್ನುವರು. ಇಟ್ಟಿಗೆಯ ಮನೆಯ ಹತ್ತಿರವೇ ಅತ್ತಿತ್ತ ತಿರುಗುತ್ತ ಇರುವರು. ಆಡುತ್ತ ಆಡುತ್ತ ತಮ್ಮ ತವರಿನ ಸುದ್ದಿ, ನಮ್ಮವರು ಸಣ್ಣವರಿದ್ದಾಗ ಬೆಲ್ಲದ ಕೊಡದಲ್ಲಿ ಕೈ ಸಿಕ್ಕಿಸಿಕೊಂಡಿದ್ದು, ಎಲ್ಲ ಹೇಳುವರು. ಆಗಲೂ ಕಣ್ಣು ಟೀವಿಯ ಮೇಲೆಯೇ. ನನಗೆ ಅಷ್ಟು ಸಾಕಾಗಿತ್ತು. ಆ ತಾಸು ಇರುವುದರಿಂದಲೇ ಉಳಿದ ತಾಸುಗಳನ್ನು ನಾನು ಕಳೆಯುತ್ತಿದ್ದೆ.

ಹಾಳು ಮಾಡಿದವಳು ನಾನೇ. ಒಂದು ದಿನ ನಾವು ಹಿಂದೆಂದೂ ಮುಟ್ಟದಷ್ಟು ಮುಂದೆ ಹೋಗಿದ್ದೆವು. ಕೊನೆಗೆ ಒಂದೇ ಒಂದು ಟ್ಯಾಂಕು ಉಳಿದಿತ್ತು. ಅತ್ತೆ ಅದಕ್ಕೆ ಹೊಡೆಯಲು ಹೋಗಿ ತಾವು ಕಾಯುತ್ತಿದ್ದ ಮನೆಗೇ ಹೊಡೆದುಬಿಟ್ಟರು. ಆಟ ಮುಗಿಯಿತು. ಅವರ ಕೈಯಿಂದ ರಿಮೋಟು ಕಸಿದುಕೊಂಡು, "ಕಣ್ಣು ಕಾಣಸ್ತಾವೋ ಇಲ್ಲೋ ನಿಮಗ?" ಎಂದು ಅದನ್ನು ನೆಲಕ್ಕೆ ಬೀಸಿದೆ. ನಮ್ಮದು ಕಡಪಾ ಕಲ್ಲಿನ ನೆಲ. ರಿಮೋಟು ನಾಲ್ಕು ಚೂರಾಗಿ, ಒಳಗಿನ ರಬ್ಬರು ಹರಿದು, ಹಸಿರು ಹಲಿಗೆ ಸೀಳಿ ಹೊರಗೆ ಬಂತು. ಅತ್ತೆ ಎದ್ದು ಗೋಡೆ ಹಿಡಿದು ಹಿತ್ತಲಿಗೆ ಹೋದರು. ಸಂಜೆ ಅವರು ಎಮ್ಮೆಯ ಜೊತೆ ಸಹ ಮಾತಾಡಲಿಲ್ಲ.

ಕ್ಷಮಿಸಿರಿ ಎಂಬ ಒಂದು ಮಾತು ಸಾಕಿತ್ತು. ಅದು ಬಾಯಿಗೆ ಬರಲಿಲ್ಲ. ರಿಮೋಟು ಸರಿಯಾದರೆ ಎಲ್ಲ ಸರಿಯಾದೀತು ಎಂದು ನಂಬಿ, ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮೂಡಲಗಿಗೆ ಹೋದೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಟೀವಿ ರಿಪೇರಿ ಮಾಡುವವರೊಬ್ಬರಿದ್ದರು. ಹಸಿರು ಹಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇಂಥಾ ರಿಮೋಟು ಈಗ ಬರಂಗಿಲ್ರಿ ಅಕ್ಕಾರ. ಆದರ ಈ ಕರೀ ಬೊಟ್ಟು ಐತಲ್ಲ, ಇದು ಇದರ ಜೀವ. ಇದಕ್ಕೇನೂ ಆಗಿಲ್ಲ. ಗುಂಡಿ, ರಬ್ಬರು, ಕವಚ ಎಲ್ಲಾ ಹೋಗ್ಯಾವ. ಮೈ ಒಂದು ಮಾಡಿಸಿಕೊಂಡು ಬರ್ರಿ, ವೈರು ಜೋಡಿಸಿ ಜೀವ ನಾ ತುಂಬತೇನಿ."

ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ನಮ್ಮವರಿಗೆ ಹೇಳಿದೆ. ಅವರು, "ಬಿಡು, ಸಣ್ಣ ಹುಡುಗರ ಆಟ" ಎಂದರು. ಅತ್ತೆ ಒಲೆಯ ಕಡೆ ಮುಖ ಮಾಡಿ ಕುಳಿತಿದ್ದರು. ಮರುದಿನ ನೋಡಿದರೆ ಗೋಡೆಯ ಮಾಡದಲ್ಲಿ ನಾನು ಇಟ್ಟಿದ್ದ ಕರವಸ್ತ್ರದ ಗಂಟು ಇರಲಿಲ್ಲ. ತಿಪ್ಪೆಗೆ ಹೋಯಿತು ಅಂದುಕೊಂಡೆ. ಕೇಳುವ ಧೈರ್ಯವೂ ಇರಲಿಲ್ಲ, ಮುಖವೂ ಇರಲಿಲ್ಲ. ಆ ವಾರ ಅತ್ತೆ ಗೋಕಾಕದಲ್ಲಿರುವ ತಂಗಿಯ ಮನೆಗೆ ಎರಡು ಸಲ ಹೋಗಿಬಂದರು.

ಎರಡನೆಯ ಸಲ ಬಂದವರು ಕೈಕಾಲು ತೊಳೆದುಕೊಂಡು, ಕರದಂಟಿನ ಪೊಟ್ಟಣದ ಜೊತೆ ಒಂದು ಬಟ್ಟೆಯ ಗಂಟನ್ನು ನನ್ನ ಮುಂದೆ ಇಟ್ಟರು. "ಬಿಚ್ಚು."

ಒಳಗೆ ಇದೇ ಮರದ ತುಂಡು. ತಂಗಿಯ ಜೊತೆ ಗೋಕಾಕದಲ್ಲಿ ಮರದ ಆಟಿಗೆ ಮಾಡುವವರೊಬ್ಬರ ಹತ್ತಿರ ಹೋಗಿ, ಒಡೆದ ಚೂರುಗಳನ್ನು ಕೊಟ್ಟು, ಇದರಂಥದ್ದೇ ಒಂದು ಮಾಡಿಕೊಡಿ ಎಂದಿದ್ದರು. ಅವರು ಮಾಡಿಕೊಟ್ಟಿದ್ದರು. ಏನು ಕೆಲಸ ಅಂತೀರಿ! ದುಂಡಗಿನ ತುದಿ, ಗುಂಡಿಯ ಏರು, ಗುಂಡಿಯ ಸುತ್ತಲಿನ ಸಣ್ಣ ಗೆರೆ, ಹಿಂಬದಿಯ ಸ್ಕ್ರೂಗಳ ತಲೆ ಕೂಡ ಬಿಟ್ಟಿರಲಿಲ್ಲ. ವೈರಿನ ಜಾಗದಲ್ಲಿ ಹುರಿ ಹೊಸೆದು ಕರಿ ಬಣ್ಣ ಹಚ್ಚಿದ್ದರು. ಮೈಯೆಲ್ಲ ಮಿಂಚುತ್ತಿತ್ತು. ಗುಂಡಿಯನ್ನು ಒತ್ತಿದೆ. ಒಳಗೆ ಹೋಗಲಿಲ್ಲ. ಇನ್ನೊಂದನ್ನು ಒತ್ತಿದೆ. ಇಡೀ ತುಂಡು ಒಂದೇ ಗಟ್ಟಿ ಮರ. ಒಳಗಿನ ಹಲಿಗೆ, ವೈರು ಎಲ್ಲವನ್ನೂ ಬೇರೆ ಚಿಂದಿಯಲ್ಲಿ ಕಟ್ಟಿ ಜೋಪಾನವಾಗಿ ವಾಪಸು ಕಳಿಸಿದ್ದರು.

ಮದುವೆಯ ದಿನದ ನಗು ಗಂಟಲಿನವರೆಗೆ ಬಂತು. ತಲೆ ಎತ್ತಿದರೆ ಅತ್ತೆ ಗೋಡೆ ನೋಡುತ್ತ, ಸೆರಗಿನ ತುದಿ ಹಿಂಡುತ್ತ ಕುಳಿತಿದ್ದರು.

"ಹೆಂಗೈತಿ?"

"ಚಲೋ ಆಗೇತ್ರಿ ಅತ್ತಿ," ಎಂದೆ. ಜೀವಮಾನದಲ್ಲಿ ನಾನು ನಗುವನ್ನು ನುಂಗಿದ್ದು ಅದೊಂದೇ ಸಲ. ನುಂಗಿದ್ದಕ್ಕೆ ಇಂದಿಗೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಅವರೇ ತೆಗೆದುಕೊಂಡು ಗುಂಡಿ ಒತ್ತಿದರು. ಎರಡು ಸಲ, ಮೂರು ಸಲ. ಹೆಬ್ಬೆರಳು ಅಲ್ಲೇ ನಿಂತಿತು. "ಇದು ಒತ್ತಂಗಿಲ್ಲಲ್ಲ," ಎಂದರು, ಬಹಳ ಸಣ್ಣ ದನಿಯಲ್ಲಿ.

"ನಾಳೆ ಇಬ್ಬರೂ ಗೋಕಾಕಕ್ಕ ಹೋಗೂಣ್ರಿ. ಮೈ ಆಗೇತಿ. ಹೊಟ್ಟಿ ಒಂದು ಕೊರಸಿದರ ಆತು."

ಅತ್ತೆ ಸೊಸೆ ಕೂಡಿ ಬಸ್ಸು ಹತ್ತಿದ್ದು ಅದೇ ಮೊದಲು. ಹತ್ತುವಾಗ ಅವರು ನನ್ನ ತೋಳು ಹಿಡಿದರು, ಗೋಕಾಕದಲ್ಲಿ ಇಳಿದು ಓಣಿ ದಾಟಿ ಆಟಿಗೆ ಮಾಡುವವರ ಮನೆ ಮುಟ್ಟುವವರೆಗೆ ಬಿಡಲಿಲ್ಲ. ಪ್ರೀತಿ ಎಂದುಕೊಂಡು ನಾನು ಹಿಗ್ಗಿದೆ. ಪಡಸಾಲೆಯ ತುಂಬ ಮರದ ಹೊಟ್ಟು, ಹುಣಸೆ ಬೀಜದ ಅಂಟಿನ ವಾಸನೆ, ಬಣ್ಣ ಒಣಗಲು ಇಟ್ಟ ಮಾವು ಪೇರಲಗಳು. ಮಾಡಿದವರು ವಯಸ್ಸಾದವರು. ನಮ್ಮ ಮಾತು ಕೇಳಿ ಹಣೆ ಬಡಿದುಕೊಂಡರು.

"ರುಖವತದಾಗ ಇಡಾಕ ಅಂದ್ಕೊಂಡ್ನಲ್ಲವಾ ನಾ. ನಮ್ಮ ಕಡೆ ಯಾರು ಬಂದ್ರೂ ಇಡಾಕ ಒಯ್ತಾರ, ಆಡಾಕ ಯಾರು ಒಯ್ತಾರ? ನಮ್ಮ ಬಾಳಿಹಣ್ಣು ಸುಲಿಯಾಕ ಬರತೈತೇನು?"

ನಾವು ಮೂವರೂ ನಕ್ಕೆವು. ಅವರು ಸಣ್ಣ ಗರಗಸದಿಂದ ತುಂಡನ್ನು ಉದ್ದಕ್ಕೆ ಸೀಳಿ ಮೇಲೊಂದು ಕೆಳಗೊಂದು ಎರಡು ಮುಚ್ಚಳ ಮಾಡಿದರು. ಒಳಗೆ ಉಳಿಯಿಂದ ತೋಡಿದರು. ಗುಂಡಿಗಳನ್ನು ಬೇರೆಯಾಗಿ ಕೆತ್ತಿ ತೂತಿನಲ್ಲಿ ಆಡುವ ಹಾಗೆ ಕೂಡಿಸಿದರು. ಕೆಲಸ ಮಾಡುತ್ತಲೇ ನನಗೆ ಹೇಳಿದರು: "ಬಣ್ಣದ್ದೊಂದು ನನಗ ತಿಳೀಲಿಲ್ಲ ನೋಡ್ರಿ. ನೀವು ಕೊಟ್ಟ ಚೂರು ಬಿಳೀವು. ಬಿಳಿ ಹಚ್ಚಲೇನ್ರಿ ಅಂದ್ರ ಈ ಅಕ್ಕಾರು, 'ಬ್ಯಾಡ, ಮೊದಲಿನಂಗ ಮಾವಿನ ಹಣ್ಣಿನ ಬಣ್ಣಾನ ಹಚ್ಚು' ಅಂದ್ರು."

ನಾನು ಅತ್ತೆಯ ಕಡೆ ನೋಡಿದೆ. ಅವರು ಹೊಟ್ಟಿನಲ್ಲಿ ಬೆರಳಾಡಿಸುತ್ತ, "ಬಿಳೀದು ಹೊಲಸಾಗತೈತಿ," ಎಂದರು. ಹೌದಲ್ಲ ಎಂದುಕೊಂಡೆ ನಾನೂ. ಕಣ್ಣೆದುರಿಗೆ ಇದ್ದದ್ದನ್ನು ಕಾಣದವಳು ನಾನು.

ಮೂಡಲಗಿಯ ರಿಪೇರಿಯವರು ಮಾತಿಗೆ ತಪ್ಪಲಿಲ್ಲ. ಕರಿ ಬೊಟ್ಟಿನಿಂದ ಒಂದೊಂದು ಗುಂಡಿಯ ಕೆಳಗೂ ಎರಡೆರಡು ತೆಳು ವೈರು ತಂದು, ತುದಿಗಳನ್ನು ಬರಿದಾಗಿ ಬಿಟ್ಟರು. ಗುಂಡಿ ಒತ್ತಿದಾಗ ಲೋಹದ್ದೇನಾದರೂ ಕೆಳಗೆ ಬಂದು ಎರಡೂ ತುದಿಗಳನ್ನು ಒಟ್ಟಿಗೆ ಮುಟ್ಟಬೇಕು, ಬಿಟ್ಟಾಗ ಮೇಲಕ್ಕೆ ಹೋಗಬೇಕು. ಅಂಥ ರಬ್ಬರು ಮಾತ್ರ ತಮ್ಮ ಹತ್ತಿರ ಇಲ್ಲ ಎಂದರು.

ಮನೆಗೆ ಬಂದು ಮಾವನವರ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿದೆ. ಕುಪ್ಪಸಕ್ಕೆ ಹಚ್ಚುವ ಟಿಚ್ ಬಟನ್ನಿನ ಅರ್ಧ ಭಾಗವನ್ನು ಟ್ಯೂಬಿಗೆ ಹೊಲಿದರೆ ಲೋಹವೂ ಆಯಿತು, ಪುಟಿಯುವ ರಬ್ಬರೂ ಆಯಿತು. ಹೊಲಿಗೆಯಲ್ಲಿ ನನ್ನ ಕೈ ಒರಟು. ಅತ್ತೆಯ ಕೌದಿ ಅಂದರೆ ಕಲ್ಲೋಳಿಯ ಮಂದಿ ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು, ಹೊಲಿಗೆಯ ಟಾಕಿ ಅಷ್ಟು ಸಣ್ಣ, ಅಷ್ಟು ನೇರ. ಟ್ಯೂಬು, ಬಟನ್ನು, ಸೂಜಿ, ದಾರ ನಾಲ್ಕನ್ನೂ ಅವರ ಮುಂದಿಟ್ಟೆ.

ಅವರು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡರು. ಸೂಜಿಯನ್ನು ಬಾಗಿಲಿನ ಬೆಳಕಿಗೆ ಹಿಡಿದರು. ದಾರ ಸೂಜಿಯ ಬಾಜೂ ಹೋಯಿತು. ಮತ್ತೊಮ್ಮೆ ಹಿಡಿದರು, ಮತ್ತೆ ಬಾಜೂ ಹೋಯಿತು. ದೊಡ್ಡ ಕಣ್ಣಿನ ಕೌದಿ ಸೂಜಿ ಅದು. ಆರನೆಯ ಸಲಕ್ಕೆ ಅವರು ಸೂಜಿ ದಾರ ಎರಡನ್ನೂ ನನ್ನ ಕಡೆ, ಅಂದರೆ ನನ್ನ ಬಾಜೂ ಇದ್ದ ಗೋಡೆಯ ಕಡೆ, ಚಾಚಿದರು.

"ಪೋಣಿಸಿ ಕೊಡವಾ. ಹೊಲಿಯೋದು ಕೈಗೆ ಗೊತ್ತೈತಿ. ಇದೊಂದು ಆಗವಲ್ದು."

ರುಖವತದ ಮೇಜು, ಹಿಡಿದ ಕೈ, ಟೀವಿಗೆ ಹತ್ತಿದ ಮೂಗು, ಟುಂಯ್ ಎನ್ನುವ ಸಪ್ಪಳ, ಮಾವಿನ ಬಣ್ಣ, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ನಾನು ಆಡಿದ ಆ ಮಾತೂ ಬಂತು.

"ಎಷ್ಟು ದಿನ ಆತ್ರಿ ಅತ್ತಿ?"

"ನೀ ಬರೋಕಿಂತ ಒಂದು ವರ್ಷ ಮೊದಲು ಶುರುವಾತು. ಹೊಗಿ ಸುತ್ತಿಕೊಂಡಂಗ. ಈಗ ಬರೀ ಆಕಾರ ಕಾಣಸ್ತೈತಿ, ನೆರಳು ಕಾಣಸ್ತೈತಿ."

"ಯಾರಿಗೂ ಯಾಕ ಹೇಳಲಿಲ್ರಿ?"

ಅವರು ಸ್ವಲ್ಪ ಹೊತ್ತು ಟ್ಯೂಬಿನ ತುಂಡನ್ನು ಎಳೆದು ಬಿಟ್ಟು ಮಾಡಿದರು. "ಸೊಸಿ ಬರಾಕತ್ತಾಳ ಮನಿಗೆ. ಅತ್ತಿ ಕುಲ್ಡಿ ಅಂತ ತಿಳಿದ ಮ್ಯಾಲ ಅಕೀ ಎದುರಿಗೆ ನಂದೇನು ಉಳಿತೈತಿ? ಒಂದು ಮೂಲ್ಯಾಗ ಕುಂದರಿಸಿ ಎರಡು ರೊಟ್ಟಿ ಕೊಡ್ತಾರ. ಅದಕ್ಕ ಬಾಯಿ ಮುಚ್ಚಿಕೊಂಡಿದ್ದೆ. ಅವತ್ತು ನೀ ಕಣ್ಣು ಕಾಣಸ್ತಾವೋ ಇಲ್ಲೋ ಅಂದಿ ನೋಡು, ನಂಗ ಸಿಟ್ಟು ಬರಲಿಲ್ಲ. ಗೊತ್ತಾತಲ್ಲ ಇಕೀಗೆ ಅಂತ ಅಂಜಿಕಿ ಬಂತು."

ಅವರ ಕಾಲು ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಐದು ತಿಂಗಳ ಎಮ್ಮೆಯ ಮಾತು, ಕಸಿದುಕೊಂಡ ರಿಮೋಟು, ಎಲ್ಲಕ್ಕೂ ಸೇರಿಸಿ ಅತ್ತುಬಿಟ್ಟೆ. ಅವರು ನನ್ನ ತಲೆ ಸವರುತ್ತ, "ಸಾಕು, ಮೊದಲ ಸೂಜಿ ಪೋಣಿಸು, ಎಮ್ಮಿ ಹಿಂಡೋ ಹೊತ್ತಾತು" ಎಂದರು. ಪೋಣಿಸಿ ಕೊಟ್ಟೆ. ಅವರು ನೋಡದೆಯೇ ಹೊಲಿದರು. ಆ ಟಾಕಿಗಳು ಇಂದಿಗೂ ಒಂದೂ ಬಿಚ್ಚಿಲ್ಲ.

ರಿಮೋಟು ನಡೆಯಿತು. ಬಲಗಡೆಯ ಗುಂಡಿ ಒತ್ತಲು ಸ್ವಲ್ಪ ಬಿಗಿ, ಮೇಣ ತಿಕ್ಕಬೇಕಾಯಿತು, ಮಳೆಗಾಲದಲ್ಲಿ ಮರ ಉಬ್ಬಿ ಒಲೆಯ ಹತ್ತಿರ ಇಡಬೇಕಾಯಿತು. ಇರಲಿ. ಕಣ್ಣಿನ ಮಾತನ್ನು ಅತ್ತೆಯೇ ಮನೆಯಲ್ಲಿ ಹೇಳಲಿ ಎಂದು ಎರಡು ದಿನ ಕಾದೆ. ಅವರು ಹೇಳಿದರು, ನಾನು ಬಾಜೂ ನಿಂತಿದ್ದೆ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಸಣ್ಣ ಆಪರೇಷನ್ನು, ಹೆದರಬೇಡಿ ಎಂದರು ಗೋಕಾಕದ ಡಾಕ್ಟರು. ಮೊದಲು ಬಲಗಣ್ಣು ಮಾಡಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಆಟಿಗೆ ಮಾಡುವ ಆ ಹಿರಿಯರು ಮೊದಲ ಸಲವೇ ಸರಿಯಾಗಿ ಮಾಡಿಕೊಟ್ಟಿದ್ದರೆ ನಾವು ಇಲ್ಲಿ ಇರುತ್ತಿದ್ದೆವೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅವರ ತಪ್ಪಿಗೆ ಮನಸ್ಸಿನಲ್ಲೇ ಕೈಮುಗಿದೆ.

ಪಟ್ಟಿ ಬಿಚ್ಚಿ ಕೆಲವು ದಿನ ಕಳೆದ ಮೇಲೆ ಡಾಕ್ಟರು ಟೀವಿ ನೋಡಲು ಒಪ್ಪಿದರು. ಅಂದು ಮಧ್ಯಾಹ್ನ ಊಟವಾದ ಮೇಲೆ ಆಟ ಹಚ್ಚಿದೆ. ಅತ್ತೆ ಟೀವಿಯಿಂದ ದೂರ, ನನ್ನ ಸಾಲಿಗೆ ಕುಳಿತರು. ಮರದ ರಿಮೋಟನ್ನು ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ಯಾಕ ಹಿಂಗ ಹಳದಿ ಹಚ್ಚ್ಯಾನ ಅಂವಾ?"

"ನೀವ ಹೇಳೀರಿ ಅಂತ್ರಿ. ಮೊದಲಿನಂಗ ಮಾವಿನ ಹಣ್ಣಿನ ಬಣ್ಣ ಅಂತ."

ನನ್ನ ಕೈಯಲ್ಲಿದ್ದ ಹಳೆಯ ರಿಮೋಟನ್ನು ನೋಡಿದರು. "ಇದು ಖರೇನ ಬಿಳೀದಿತ್ತೇನು? ನನಗ ಹಳದೀನ ಕಾಣಸ್ತಿತ್ತಲ್ಲ!" ಎಂದು ನಕ್ಕರು. ನಕ್ಕೂ ನಕ್ಕೂ ಕೆಮ್ಮು ಬಂತು. ಈ ಸಲ ನನ್ನ ನಗುವನ್ನು ನುಂಗುವ ಕಾರಣವಿರಲಿಲ್ಲ.

ನಗು ನಿಲ್ಲುತ್ತ ಬಂದಾಗ ಅವರು ನನ್ನ ಕಡೆ ತಿರುಗಿದರು. ಗೋಡೆಯ ಕಡೆ ಅಲ್ಲ. ಕೈಚಾಚಿ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಸೂಜಿಯ ಕಣ್ಣನ್ನು ನೋಡುವವರ ಹಾಗೆ ನೋಡಿದರು.

"ನಿನ್ನ ಗಲ್ಲದ ಮ್ಯಾಲ ಮಚ್ಚಿ ಐತಲ್ಲ," ಎಂದರು. "ನನಗ ಯಾರೂ ಹೇಳಲೇ ಇಲ್ಲ."

ಆಟ ಆಗಲೇ ಶುರುವಾಗಿತ್ತು. ಮೇಲಿನಿಂದ ಟ್ಯಾಂಕುಗಳು ಬಂದು ನಮ್ಮ ಇಟ್ಟಿಗೆಯ ಮನೆಯನ್ನು ಒಡೆದು ಹೋದವು. ಇಬ್ಬರೂ ಆ ಕಡೆ ನೋಡಲಿಲ್ಲ.